ಅಮ್ಮ ಅವರು ಕರೆ ಸ್ವೀಕರಿಸುತ್ತಿಲ್ಲ

ಟ್ರಂಕಮ್ಮನಿಗೆ ಆ ಡಬ್ಬಿಯನ್ನು ಕಂಡರೆ ಮೊದಲ ದಿನದಿಂದಲೂ ಆಗುತ್ತಿರಲಿಲ್ಲ. ಅದು ನಡುಕೋಣೆಯ ಕಪಾಟಿನ ಮೇಲೆ, ಗಂಡನ ಫೋಟೋ ಇದ್ದ ಜಾಗದಲ್ಲಿ ಬಂದು ಕೂತಿತ್ತು. ಫೋಟೋವನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದವಳು ಮಗಳು. “ಪ್ಲಗ್ ಇಲ್ಲೇ ಇರೋದಮ್ಮ, ನಾನೇನ್ ಮಾಡ್ಲಿ?” ಅಂದಿದ್ದಳು. ಬದುಕಿದ್ದಾಗ ಯಾರು ಹೇಳಿದರೂ ಒಂದಿಂಚು ಸರಿಯದ ಮನುಷ್ಯ, ಸತ್ತ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿಗೆ ಜಾಗ ಬಿಟ್ಟುಕೊಡಬೇಕಾಯಿತಲ್ಲ ಎಂದು ಆಕೆಗೆ ಮೈಯೆಲ್ಲ ಉರಿದಿತ್ತು.

ಆಕೆಯ ಹೆಸರು ಟ್ರಂಕಮ್ಮ ಅಲ್ಲ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಪರವೂರಿನ ಕರೆಗಳ ಟ್ರಂಕ್ ಕಾಲ್ ಬೋರ್ಡಿನ ಮುಂದೆ ಕೂತು, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ದಾಟಿಸಿದ್ದರಿಂದ ಬಂದ ಹೆಸರು. ಕಟ್ಟಡದ ಮಕ್ಕಳು ಮಾತ್ರ ಅಜ್ಜಿಯ ಮನೆಯಲ್ಲಿ ದೊಡ್ಡ ಕಬ್ಬಿಣದ ಟ್ರಂಕು ಇದೆ, ಅದಕ್ಕೇ ಆ ಹೆಸರು ಎಂದು ನಂಬಿದ್ದರು. ಆಕೆ ತಿದ್ದಲು ಹೋಗಿರಲಿಲ್ಲ.

ಡಬ್ಬಿ ಬಂದದ್ದು ಮೆಟ್ಟಿಲ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡ ಮೇಲೆ. ಮಗಳು ಹಲ್ಲಿನ ಡಾಕ್ಟರು. ಎರಡು ಸ್ಟಾಪ್ ಆಚೆ ಅವಳ ಮನೆ, ಮನೆಯ ಕೆಳಗೇ ಕ್ಲಿನಿಕ್ಕು. ದಿನವಿಡೀ ಬಾಯಿ ತೆರೆದುಕೊಂಡ, ಎದುರು ಮಾತಾಡಲಾಗದ ಜನರೊಂದಿಗೇ ಕೆಲಸ ಮಾಡಿ ಅವಳಿಗೆ ಒಂದು ಅಭ್ಯಾಸವಾಗಿಬಿಟ್ಟಿತ್ತು: ತಾನು ಹೇಳುವುದು, ಉಳಿದವರು ಕೇಳುವುದು.

“ನೋಡಮ್ಮ, ಇದು ಇಲ್ಲಿರತ್ತೆ. ಇನ್ನೊಂದು ಸಲ ಬಿದ್ದೆ ಅಂದ್ರೆ ಈ ಮನೆಗೆ ಬೀಗ. ನಮ್ಮನೆಗೆ ಬಂದುಬಿಡಬೇಕು. ಆಮೇಲೆ ಮಾತಿಲ್ಲ.”

ಮಗಳ ಮನೆಯಲ್ಲಿ ತನಗಾಗಿ ಕಾದಿರುವ ಕೋಣೆ ಯಾವುದೆಂದು ಟ್ರಂಕಮ್ಮನಿಗೆ ಗೊತ್ತಿತ್ತು. ಇಸ್ತ್ರಿ ಮೇಜು ಇರುವ ಕೋಣೆ. ಮಗಳು ಒಳ್ಳೆಯವಳು, ಅಳಿಯನೂ ಒಳ್ಳೆಯವನು, ಊಟಕ್ಕೆ ಕರೆದೇ ಕರೆಯುತ್ತಾರೆ. ಆದರೆ ಅಲ್ಲಿ ಬಾಗಿಲ ಬೀಗದ ಕೈ ಆಕೆಯದಾಗಿರುವುದಿಲ್ಲ. ಬೆಳಿಗ್ಗೆ ಆರಕ್ಕೆ ರೇಡಿಯೋ ಜೋರಾಗಿ ಹಚ್ಚುವ ಹಾಗಿಲ್ಲ. ಎಪ್ಪತ್ತಾರು ವರ್ಷದ ಹೆಂಗಸಿಗೆ ಬೇಕಾದದ್ದು ಇಷ್ಟೇ, ಅದಕ್ಕೂ ಕಲ್ಲು ಬಿತ್ತಲ್ಲ ಎಂದು ಆಕೆಯ ಸಿಟ್ಟು.

ಡಬ್ಬಿ ಕೂರಿಸಲು ಬಂದ ಕಂಪನಿಯವನು ಮೀಸೆ ನರೆತ ಗೃಹಸ್ಥ. ಪಾಪ, ಸಮಾಧಾನವಾಗಿಯೇ ವಿವರಿಸಿದ. “ಇದು ಸಾಮಾನ್ಯ ಮಾತಿಗೆ ಕಿವಿ ಕೊಡಲ್ಲಮ್ಮ. ಜೋರಾಗಿ ಕೂಗಿದ್ರೆ ಎಚ್ಚರ ಆಗತ್ತೆ. ಬಿದ್ರೆ ‘ಸಹಾಯ ಬೇಕು’ ಅಂತ ಕೂಗಿ. ನಮ್ಮ ಕೇಂದ್ರಕ್ಕೆ ಹೋಗತ್ತೆ, ಆಂಬುಲೆನ್ಸ್ ಬರತ್ತೆ, ನಿಮ್ಮ ಮಗಳಿಗೂ ವರದಿ ಹೋಗತ್ತೆ.”

“ಅಲ್ಲಪ್ಪಾ, ನೀನು ಯಾವತ್ತಾದ್ರೂ ಬಿದ್ದಿದೀಯಾ?”

“ಬಿದ್ದಿದೀನಮ್ಮ, ಹೋದ ತಿಂಗಳೇ ಏಣಿಯಿಂದ.”

“ಆಗ ‘ಸಹಾಯ ಬೇಕು’ ಅಂತ ಕೂಗಿದ್ಯಾ?”

ಆತ ತಲೆ ಕೆರೆದುಕೊಂಡ. ಮಗಳು ಗಡಿಯಾರ ನೋಡಿದಳು. ಕ್ಲಿನಿಕ್ಕಿನಲ್ಲಿ ಯಾರದೋ ದವಡೆಗೆ ಮರಗಟ್ಟಿಸುವ ಮದ್ದು ಕೊಟ್ಟು ಬಂದಿದ್ದಳಂತೆ. ತನ್ನ ಫೋನನ್ನು ಡಬ್ಬಿಯ ಪಕ್ಕ ಹಿಡಿದು ಏನೋ ಒತ್ತಿದಳು. ಮುನ್ನೂರ ನಲವತ್ತು ನಂಬರುಗಳು ಒಂದೇ ಏಟಿಗೆ ಅದರೊಳಗೆ ಹೋದವು.

“ಆಯ್ತು. ಇನ್ಮೇಲೆ ನೀನು ಹೆಸರು ಹೇಳಿದ್ರೆ ಸಾಕು, ನನ್ನ ಹೆಸರಲ್ಲಿ ಅದೇ ಫೋನ್ ಮಾಡತ್ತೆ.”

“ಟೆಸ್ಟ್ ಮಾಡಿ ಹೋಗೇ. ಎರಡೂ ಕಡೆಯಿಂದ ‘ಕೇಳಿಸ್ತಿದೆ’ ಅಂತ ಬರೋವರೆಗೂ ನಾವು ಲೈನ್ ಬಿಡ್ತಿರಲಿಲ್ಲ.”

“ಅಮ್ಮ, ಇದು ನಿನ್ನ ಕಾಲದ ವೈರಲ್ಲ. ಎಲ್ಲ ತಾನಾಗೇ ಆಗತ್ತೆ.”

ಹಾಗೆಂದು ಮಗಳು ದಡದಡನೆ ಮೆಟ್ಟಿಲಿಳಿದು ಹೋದಳು. ‘ನಿನ್ನ ಕಾಲ’ವಂತೆ. ಆ ಮಾತನ್ನು ಟ್ರಂಕಮ್ಮ ಇಪ್ಪತ್ತೆರಡು ದಿನ ಹಲ್ಲಲ್ಲಿ ಸಿಕ್ಕಿದ ನಾರಿನ ಹಾಗೆ ಕಚ್ಚಿಕೊಂಡೇ ಇದ್ದಳು.

ಇಪ್ಪತ್ಮೂರನೆಯ ದಿನ, ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ, ಬಚ್ಚಲಲ್ಲಿ ಸೋಪಿನ ನೀರಿನ ಮೇಲೆ ಕಾಲಿಟ್ಟಳು. ಬಕೆಟ್ಟು ಒಂದು ಕಡೆ, ಮಗ್ಗು ಒಂದು ಕಡೆ, ಆಕೆ ಒಂದು ಕಡೆ. ಬಲಗಾಲಿನ ಪಾದ ತಿರುಗಬಾರದ ದಿಕ್ಕಿಗೆ ತಿರುಗಿತ್ತು.

“ಅಯ್ಯೋ ಅಮ್ಮಾ!”

ನಡುಕೋಣೆಯಿಂದ ಡಬ್ಬಿ ಟಿಂಗ್ ಎಂದಿತು. “ಅಮ್ಮ ಅವರಿಗೆ ಕರೆ ಮಾಡುತ್ತಿದ್ದೇನೆ.”

ಯಾವ ಅಮ್ಮ? ಆಕೆಯ ಅಮ್ಮ ಹೋಗಿ ನಲವತ್ತು ವರ್ಷವಾಗಿತ್ತು. ನೋವಿನ ನಡುವೆಯೂ ಟ್ರಂಕಮ್ಮನಿಗೆ ಒಂದು ಗಳಿಗೆ ಮೈ ಜುಮ್ಮೆಂದಿತು. ಅಷ್ಟರಲ್ಲಿ ಅಡುಗೆಮನೆಯ ಕಟ್ಟೆಯ ಮೇಲಿದ್ದ ಆಕೆಯದೇ ಫೋನು ಹೊಡೆದುಕೊಳ್ಳತೊಡಗಿತು.

ಮಗಳ ಫೋನಿನಲ್ಲಿ ‘ಅಮ್ಮ’ ಅಂದರೆ ಇನ್ಯಾರು? ತಾನೇ.

ಫೋನು ಬಡಿದುಕೊಂಡಿತು, ಬಡಿದುಕೊಂಡಿತು, ನಿಂತಿತು. “ಅಮ್ಮ ಅವರು ಕರೆ ಸ್ವೀಕರಿಸುತ್ತಿಲ್ಲ,” ಎಂದಿತು ಡಬ್ಬಿ, ತುಂಬ ವಿನಯದಿಂದ. “ಮತ್ತೆ ಪ್ರಯತ್ನಿಸಲೇ?”

“ಅವಳು ಬಚ್ಚಲಲ್ಲಿ ಬಿದ್ದಿದಾಳೆ ಕಣೋ ಮುಂಡೇದೇ!”

“ಕ್ಷಮಿಸಿ, ಅರ್ಥವಾಗಲಿಲ್ಲ.”

ಆಕೆಗೆ ಬಂದ ಕೋಪಕ್ಕೆ ಕಾಲಿನ ನೋವೇ ಅರ್ಧ ಮರೆತುಹೋಯಿತು. ಡಬ್ಬಿಯ ಮೇಲೆ ಕೋಪ. ಟೆಸ್ಟ್ ಮಾಡದೆ ಹೋದ ಮಗಳ ಮೇಲೆ ಕೋಪ. ಒಂದು ತುಣುಕು ಸೋಪಿಗೆ ಸೋತ ತನ್ನ ಕಾಲಿನ ಮೇಲೂ ಕೋಪ. ‘ಸಹಾಯ ಬೇಕು’ ಎಂಬುದು ನೆನಪಿರಲಿಲ್ಲ ಎಂದಲ್ಲ, ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅದನ್ನು ಕೂಗಿದರೆ ಕೇಂದ್ರ, ಆಂಬುಲೆನ್ಸು, ವರದಿ. ವರದಿ ಹೋಯಿತೆಂದರೆ ಬೀಗ. ಬೀಗವೆಂದರೆ ಇಸ್ತ್ರಿ ಮೇಜಿನ ಕೋಣೆ. ಆಕೆ ತುಟಿ ಕಚ್ಚಿ ಹಿಡಿದಳು.

ಪಕ್ಕದ ಮನೆಯ ಟೈಲರ್ ಬಳಿ ಇನ್ನೊಂದು ಬೀಗದ ಕೈ ಇತ್ತು. ಅವನೊಬ್ಬ ಬಂದು ಎತ್ತಿ ಕೂರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ.

“ಟೈಲರಿಗೆ ಫೋನ್ ಮಾಡೋ!” ಎಂದು ಕೂಗಿದಳು.

“ಟೈಲರ್ ಅವರಿಗೆ ಕರೆ ಮಾಡುತ್ತಿದ್ದೇನೆ.” ಎರಡೇ ರಿಂಗಿಗೆ ಯಾರೋ ಎತ್ತಿದರು. ಹಿಂದಿನಿಂದ ನಾಲ್ಕಾರು ಹೊಲಿಗೆ ಮಿಷನ್ನುಗಳ ಸದ್ದು. ಪಕ್ಕದವನ ಮನೆಯಲ್ಲಿ ಇರುವುದು ಒಂದೇ ಮಿಷನ್ನು. “ಡಾಕ್ಟ್ರೇ, ನಿಮ್ಮ ಬಿಳಿ ಕೋಟು ಇನ್ನೂ ಆಗಿಲ್ಲ. ಗುರುವಾರ ಗ್ಯಾರಂಟಿ. ದಿನಾ ಫೋನ್ ಮಾಡಿದ್ರೆ ಬೇಗ ಆಗಲ್ಲ,” ಎಂದು ಹೇಳಿ, ಈಕೆ ಬಾಯಿ ತೆರೆಯುವ ಮೊದಲೇ ಇಟ್ಟುಬಿಟ್ಟ.

ಟ್ರಂಕಮ್ಮನಿಗೆ ಈಗ ಪೂರ್ತಿ ಅರ್ಥವಾಯಿತು. ಬೋರ್ಡೇ ತಿರುವುಮುರುವು. ಡಬ್ಬಿ ಇರುವುದು ಈಕೆಯ ಮನೆಯಲ್ಲಿ, ಅದರೊಳಗಿನ ಸಂಸಾರ ಮಾತ್ರ ಮಗಳದು. ಮಗಳ ಅಮ್ಮ, ಮಗಳ ಟೈಲರ್, ಮಗಳ ತರಕಾರಿಯವನು. ಒಂದು ಕೂಗು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಒಬ್ಬರೂ ಒಂದು ನಿಮಿಷ ನಿಂತು ಯೋಚಿಸಿಲ್ಲ! ಎಕ್ಸ್‌ಚೇಂಜಿನಲ್ಲಿ ಯಾವ ಹುಡುಗಿಯಾದರೂ ಇಂಥ ಕೆಲಸ ಮಾಡಿದ್ದರೆ ಮೇಲ್ವಿಚಾರಕಿ ಆ ಹುಡುಗಿಯನ್ನು ಅಳಿಸಿ ಮನೆಗೆ ಕಳಿಸುತ್ತಿದ್ದಳು.

ನೆಲದ ನೀರಿನ ಚಳಿ ಬೆನ್ನಿಗೆ ಇಳಿಯತೊಡಗಿತು. ಆಗ ಮೊದಲ ಸಲ ಹೆದರಿಕೆಯಾಯಿತು. ಹಾಳಾಗಿ ಹೋಗಲಿ, ಹೇಗಿದ್ದರೂ ಬೈಯುವವಳು ಮಗಳೇ, ನಡುವೆ ಕಂಪನಿ ಯಾಕೆ ಎಂದುಕೊಂಡು, “ಮಗಳಿಗೆ ಮಾಡು!” ಎಂದು ಕೂಗಿದಳು.

“ಮಗಳು ಅವರಿಗೆ ಕರೆ ಮಾಡುತ್ತಿದ್ದೇನೆ.”

“ಅಮ್ಮಾ, ಲ್ಯಾಬಲ್ಲಿದೀನಿ, ಏನು ಬೇಗ ಹೇಳು,” ಎಂದಿತು ಒಂದು ಎಳೆಯ, ಸಿಡುಕಿನ ದನಿ. ಮೊಮ್ಮಗಳು! ಸರಿಯೇ, ಮಗಳ ಮಗಳು. ತನ್ನ ಫೋನಿನಲ್ಲಿ ತನ್ನದೇ ನಂಬರನ್ನು ಯಾರು ಬರೆದುಕೊಳ್ಳುತ್ತಾರೆ?

“ನಾನು ನಿನ್ನಮ್ಮ ಅಲ್ಲವೇ, ನಿಮ್ಮಮ್ಮನ ಅಮ್ಮ. ಬಚ್ಚಲಲ್ಲಿ ಬಿದ್ದಿದೀನಿ. ಅವಳಿಗೆ ಮಾತ್ರ ಹೇಳಬೇಡ.”

“ಅಜ್ಜೀ!” ಆ ಕಡೆ ಕುರ್ಚಿ ಸರಿದ ಸದ್ದು, ಓಡುವ ಹೆಜ್ಜೆಗಳ ಸದ್ದು. “ತಲೆಗೆ ಪೆಟ್ಟಾಗಿದ್ಯಾ? ರಕ್ತ ಬರ್ತಿದ್ಯಾ? ಅಲ್ಲಾಡಬೇಡ. ಹೇಳ್ದೇ ಇರ್ತೀನಾ ನಾನು? ನಿಂಗೇನು ತಲೆ ಕೆಟ್ಟಿದ್ಯಾ? ನನ್ನ ಫ್ರೆಂಡ್ ಫೋನಿಂದ ಕ್ಲಿನಿಕ್ಕಿಗೆ ಹೇಳ್ತೀನಿ. ನೀನು ಲೈನಲ್ಲೇ ಇರು.”

ಲೈನಲ್ಲೇ ಇರು. ಮೂವತ್ತೊಂದು ವರ್ಷ ಎಷ್ಟು ಸಾವಿರ ಜನಕ್ಕೆ ಟ್ರಂಕಮ್ಮ ಆ ಮಾತು ಹೇಳಿದ್ದಳೋ. ಆಕೆಗೆ ಯಾರೂ ಹೇಳಿರಲಿಲ್ಲ. ಆ ಇಪ್ಪತ್ತು ನಿಮಿಷ ಹುಡುಗಿ ಒಂದು ಕ್ಷಣವೂ ಲೈನು ಬಿಡಲಿಲ್ಲ. ಮಾತು ನಿಂತಿತೆಂದರೆ ಸಾಕು, “ಅಜ್ಜಿ, ಕೇಳಿಸ್ತಿದ್ಯಾ?” ಎನ್ನುತ್ತಿದ್ದಳು. “ಕೇಳಿಸ್ತಿದೆ,” ಎನ್ನುತ್ತಿದ್ದಳು ಅಜ್ಜಿ, ಹಲ್ಲು ಕಟಕಟಿಸುತ್ತ. ತಾನು ಬೈಯುತ್ತಲೇ ಇದ್ದ ಡಬ್ಬಿಯಿಂದಲೇ ಆ ದನಿ ಬರುತ್ತಿದೆ ಎಂಬುದು ಹೊಳೆದಾಗ ಇನ್ನಷ್ಟು ಸಿಟ್ಟು ಬಂತು. ಇಷ್ಟು ಒಳ್ಳೆಯ ಕೆಲಸ ಮಾಡಬಲ್ಲದ್ದನ್ನು ಇಷ್ಟು ಕೆಟ್ಟದಾಗಿ ಕೂರಿಸಿ ಹೋಗಿದ್ದರಲ್ಲ!

ಮಗಳು ಬಂದಾಗ ಮಾಸ್ಕು ಗದ್ದದ ಮೇಲಿತ್ತು, ಒಂದು ಕೈಗೆ ಗ್ಲೌಸು ಇನ್ನೂ ಹಾಗೇ ಇತ್ತು. ಅವಳು ಅಳುತ್ತಿದ್ದಳು, ಬೈಯುತ್ತಲೂ ಇದ್ದಳು.

ಆಸ್ಪತ್ರೆಯಲ್ಲಿ ಪಾದಕ್ಕೆ ಪ್ಲಾಸ್ಟರ್ ಹಾಕಿದರು. ಸಂಜೆ ನಾಲ್ಕಕ್ಕೆ ಮನೆಗೆ ಕರೆತಂದು, ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಆಕೆಯ ಫೋನನ್ನು ಮಡಿಲಿಗೆ ಹಾಕಿ, ಮಗಳು ನೇರವಾಗಿ ಕಪಾಟಿನತ್ತ ನಡೆದಳು. ಅದರ ಮೇಲಿನ ಅಟ್ಟದಲ್ಲಿ ಸೂಟ್‌ಕೇಸಿತ್ತು.

“ಮುಗೀತು. ಬಟ್ಟೆ ತುಂಬ್ತೀನಿ. ಹೊರಡೋಣ.”

“ನಾನು ಬರಲ್ಲ.”

“ಎರಡೇ ಎರಡು ಪದ ಅಮ್ಮ! ‘ಸಹಾಯ ಬೇಕು’ ಅನ್ನೋಕೆ ನಿಂಗೇನಾಗಿತ್ತು? ಅಷ್ಟು ಹಟಾನಾ?”

“ಹೌದು, ಹಟ. ಅಂದಿದ್ರೆ ನನ್ನ ಮನೆಗೆ ಬೀಗ ಹಾಕ್ತೀನಿ ಅಂದೋಳು ಯಾರು? ಬಿದ್ದೋಳನ್ನ ಕೂಗದ ಹಾಗೆ ಮಾಡಿದೋಳು ನೀನು! ನನ್ನ ನಂಬರಿಗೆ ನನ್ನನ್ನೇ ಜೋಡಿಸಿ ಹೋಗಿದೀಯಲ್ಲೇ. ಅಮ್ಮಾ ಅಂತ ಕೂಗಿದ್ರೆ ನನ್ನ ಫೋನೇ ಬಡ್ಕೊಳತ್ತೆ!”

“ಅಮ್ಮಾ ಅಂತ ಯಾಕೆ ಕೂಗ್ಬೇಕಿತ್ತು? ಹೇಳಿಕೊಟ್ಟದ್ದನ್ನ ಕೂಗ್ಬಾರದಾ? ಈ ವಯಸ್ಸಲ್ಲಿ ಯಾವ ಅಮ್ಮ ಬರ್ತಾಳೆ ಅಂತ?”

ಹಾಗೆಂದು ಹಲ್ಲು ಕಡಿದು ಸೂಟ್‌ಕೇಸನ್ನು ಎಳೆದಳು. ಬರಲಿಲ್ಲ. ಸಿಟ್ಟಿನಿಂದ ಇನ್ನೂ ಜೋರಾಗಿ ಎಳೆದಳು. ಅದು ಅವಳ ಕಾಲ ಮೇಲೇ ಬಿತ್ತು.

“ಅಮ್ಮಾ!”

ಕಪಾಟಿನ ಮೇಲೆ ಡಬ್ಬಿ ಟಿಂಗ್ ಎಂದಿತು. “ಅಮ್ಮ ಅವರಿಗೆ ಕರೆ ಮಾಡುತ್ತಿದ್ದೇನೆ.”

ಟ್ರಂಕಮ್ಮನ ಮಡಿಲಲ್ಲಿ ಫೋನು ಹೊಡೆದುಕೊಂಡಿತು. ಆಕೆ ಮಗಳನ್ನು ದುರುಗುಟ್ಟಿ ನೋಡುತ್ತಲೇ ಎತ್ತಿ ಕಿವಿಗಿಟ್ಟಳು.

“ಹಲೋ. ಲೈನಲ್ಲಿದೀನಿ. ಎಲ್ಲಿ ಪೆಟ್ಟಾಯ್ತು, ಹೇಳು.”

ಆ ಮಾತು ಡಬ್ಬಿಯೊಳಗಿಂದಲೂ ಬಂತು. ಐವತ್ತು ವರ್ಷದ ಹಲ್ಲಿನ ಡಾಕ್ಟರು ಹೆಬ್ಬೆರಳು ಹಿಡಿದುಕೊಂಡು ನೆಲದ ಮೇಲೆ ಕುಸಿದಳು. ಮೊದಲು ನಕ್ಕಳು, ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. “ಹೆದರಿಬಿಟ್ಟಿದ್ದೆ ಕಣಮ್ಮ,” ಎಂದಳು. “ಹೆದರಿ ಹೆದರಿ ಬೈತಾ ಇದೀನಿ.”

“ನಾನೂ ಹೆದರಿದ್ದೆ. ಅದಕ್ಕೆ ಬೀಗ ಮದ್ದಲ್ಲ.”

ಸೂಟ್‌ಕೇಸು ಇಬ್ಬರ ನಡುವೆ ಬಿದ್ದಿತ್ತು. ಮಗಳೇ ಅದನ್ನು ಗೋಡೆಯ ಕಡೆ ತಳ್ಳಿದಳು.

“ಇಲ್ಲೇ ಇರು. ಪ್ಲಾಸ್ಟರ್ ಬಿಚ್ಚೋವರೆಗೂ ದಿನಾ ಬರ್ತೀನಿ. ಬೀಗದ ಮಾತು ಇನ್ನೆತ್ತಲ್ಲ.” ಫೋನು ತೆಗೆದುಕೊಂಡು ಡಬ್ಬಿಯ ಮುಂದೆ ಹೋಗಿ ನಿಂತಳು. ಅದರೊಳಗಿದ್ದ ತನ್ನ ಸಂಸಾರವನ್ನೆಲ್ಲ ಒಂದೊಂದಾಗಿ ಅಳಿಸಿದಳು. ಪಕ್ಕದ ಮನೆಯ ಟೈಲರನ್ನು ಟೈಲರ್ ಎಂದು, ತನ್ನ ಮಗಳನ್ನು ಮೊಮ್ಮಗಳು ಎಂದು ಬರೆದಳು. ಆಮೇಲೆ ಬೆರಳು ನಿಂತಿತು.

“ಅಮ್ಮ ಅನ್ನೋ ಕಡೆ ಯಾರ ನಂಬರ್ ಹಾಕ್ಲಿ?”

ತಾನು ಹೆತ್ತವಳನ್ನು ತಾನೇ ಅಮ್ಮಾ ಎಂದು ಕೂಗುವುದೇ? ಇದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ ಎಂದು ಟ್ರಂಕಮ್ಮನಿಗೆ ಮತ್ತೆ ಕಣ್ಣು ಕೆಂಪಗಾಯಿತು. ಆದರೆ ಬಿದ್ದಾಗ ಬಾಯಿಗೆ ಬರುವುದು ಅದೊಂದೇ ಪದ. ಎಪ್ಪತ್ತಾರು ವರ್ಷದ ಬಾಯಿಗೆ ಇನ್ನೊಂದನ್ನು ಕಲಿಸಲಾಗುವುದಿಲ್ಲ.

“ನಿನ್ನದೇ ಹಾಕು,” ಎಂದಳು. “ಕ್ಲಿನಿಕ್ಕಲ್ಲಿ ಆ ಫೋನನ್ನ ಡ್ರಾಯರಲ್ಲಿ ಇಡಬೇಡ. ನಿನ್ನ ಇಕ್ಕಳಗಳ ಪಕ್ಕ ಇಟ್ಕೊ.”

“ಇಟ್ಕೋತೀನಿ. ಆಯ್ತು, ಹಾಕಿದೆ.”

“ಆಯ್ತು ಅಂತೆ! ಮೆಟ್ಟಿಲ ಹತ್ರ ಹೋಗಿ ನಿಂತ್ಕೊ. ಟೆಸ್ಟ್ ಮಾಡದೆ ನಾನು ಲೈನ್ ಬಿಡಲ್ಲ.”

ಮಗಳು ಕುಂಟುತ್ತ ಹೊರಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು. ಟ್ರಂಕಮ್ಮ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದಳು. ಇಡೀ ದಿನದ ಸಿಟ್ಟನ್ನೆಲ್ಲ ಗಂಟಲಿಗೆ ತಂದುಕೊಂಡು ಕೂಗಿದಳು.

“ಅಮ್ಮಾ!”

ಮುಚ್ಚಿದ ಬಾಗಿಲಾಚೆ ಫೋನು ಹೊಡೆಯಿತು. ಒಂದು ರಿಂಗು. ಎರಡು. ಎಕ್ಸ್‌ಚೇಂಜಿನಲ್ಲಿ ಮೂರನೆಯದಕ್ಕೆ ಎತ್ತಲೇಬೇಕು ಎಂಬ ನಿಯಮವಿತ್ತು. ಆಕೆ ಉಸಿರು ಬಿಗಿಹಿಡಿದು ಎಣಿಸಿದಳು.

“ಲೈನಲ್ಲಿದೀನಿ,” ಎಂದಿತು ಡಬ್ಬಿಯಿಂದ ಮಗಳ ದನಿ. “ಕೇಳಿಸ್ತಿದ್ಯಾ ಅಮ್ಮ?”

“ಕೇಳಿಸ್ತಿದೆ,” ಎಂದಳು ಟ್ರಂಕಮ್ಮ.