ಸದ್ದಿಲ್ಲದ ಕರೆಂಟು

ಚಲಪತಿ ಸತ್ತು ಐದು ತಿಂಗಳಾದ ಮೇಲೆ, ಅವನು ಮಾಡುತ್ತಿದ್ದ ಕೆಲಸವನ್ನೇ ಮಗಳು ಲಿಖಿತಳಿಗೆ ಕೊಡುವುದಾಗಿ ಬಂದರಿನ ಕಂಪನಿಯಿಂದ ಪತ್ರ ಬಂತು. ಐಟಿಐ ಮುಗಿಸಿ ಮನೆಯಲ್ಲಿದ್ದ ಹುಡುಗಿ ಪತ್ರವನ್ನು ಎರಡು ಸಲ ಓದಿ, ಕೇಳುವ ಮೊದಲೇ ಹೂಂ ಅಂದಳು. ಸೋಮವಾರ ಹೊರಡಬೇಕಿತ್ತು.

ಕೆಲಸವೆಂದರೆ ಹಡಗಿಗೆ ಚಾರ್ಜ್ ಹಾಕುವುದು. ಬ್ಯಾಟರಿಯ ಮೇಲೆ ಓಡುವ ಹಡಗು ಜನರನ್ನು ಇಳಿಸಿ ದಡಕ್ಕೆ ನಿಂತ ಕೂಡಲೇ, ತೋಳಿನಷ್ಟು ದಪ್ಪದ ಕೇಬಲ್ಲನ್ನು ಎಳೆತಂದು ಅದರ ಪಕ್ಕೆಯಲ್ಲಿರುವ ಪೆಟ್ಟಿಗೆಗೆ ಸಿಕ್ಕಿಸಬೇಕು. ಮುಕ್ಕಾಲು ಗಂಟೆ ಬಿಟ್ಟು ಬಿಚ್ಚಬೇಕು. ನಾಲ್ಕು ವರ್ಷದ ಹಿಂದೆ ಚಲಪತಿ ಸೇರಿದಾಗ ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನ ಸಾಲುಮನೆಗಳಲ್ಲೆಲ್ಲ ಅದೇ ಮಾತು. ಪಕ್ಕದ ಮನೆಯ ಮುನಿನಾರಾಯಣಮ್ಮ ಅವನನ್ನು ಬಾಗಿಲಲ್ಲೇ ತಡೆದಿದ್ದಳು.

"ಅಡಗಿಗೂ ಚಾರ್ಜ್ ಆಕ್ತಾರೇನಪ್ಪಾ? ಯಾರಾದ್ರೂ ಚಾರ್ಜರ್ ಎತ್ಕೊಂಡೋದ್ರೆ ಏನ್ ಮಾಡ್ತೀಯ?"

"ಅದ ಎತ್ತಕ್ಕೆ ಮೂರು ಜನ ಬೇಕು ಕಣತ್ತೆ. ನೀನೊಬ್ಬಳೇ ಬಂದ್ರೆ ಆಗಲ್ಲ."

ಇಂದ್ರಾಣಿಗೆ ಈಗ ಗಂಡನ ಮುಖಕ್ಕಿಂತ ಮೊದಲು ನೆನಪಾಗುವುದು ಆ ಮಾತು, ಅದರ ಹಿಂದಿನ ನಗು.

ಮಾವ ಚಿಕ್ಕವೆಂಕಟಪ್ಪನವರಿಗೆ ಎಂಬತ್ತೆರಡು. ಗಣಿ ಮುಚ್ಚುವವರೆಗೂ ಭೂಮಿಯೊಳಗಿನ ಪಂಪುಗಳಿಗೆ ಅವರೇ ಎಲೆಕ್ಟ್ರೀಷಿಯನ್. ಅಲ್ಲಿ ಹಳಬರದೊಂದು ಪದ್ಧತಿಯಿತ್ತು. ಯಾವ ಪೆಟ್ಟಿಗೆಯನ್ನೇ ಆಗಲಿ ಬಿಚ್ಚುವ ಮೊದಲು ಗ್ಲೌಸು ತೆಗೆದು ಮುಚ್ಚಳದ ಮೇಲೆ ಅಂಗೈ ಇಟ್ಟು, ಕಿವಿಯನ್ನು ಹತ್ತಿರ ತರುವುದು. ಒಳಗೆ ಕರೆಂಟಿದ್ದರೆ ಸಣ್ಣಗೆ ಗುಂಯ್ ಎನ್ನುತ್ತದೆ, ಅಂಗೈಗೆ ಅದರ ನಡುಕ ಸಿಗುತ್ತದೆ. ಸದ್ದಿಲ್ಲದಿದ್ದರೆ ಸತ್ತಿದೆ ಎಂದು ಅರ್ಥ. ಮೀಟರು ನೀರಲ್ಲಿ ಕೆಡುತ್ತಿದ್ದ ಕಡೆ ಆ ಅಂಗೈ ಎಷ್ಟೋ ಜನರನ್ನು ಮೇಲೆ ಕರೆತಂದಿತ್ತು. ಎಂಟು ವರ್ಷದ ಚಲಪತಿಯನ್ನು ಬೀದಿಯ ಟ್ರಾನ್ಸ್‌ಫಾರ್ಮರ್ ಬೇಲಿಯ ಹತ್ತಿರ ನಿಲ್ಲಿಸಿ ಅವರು ಕೇಳುವುದನ್ನು ಕಲಿಸಿದ್ದರು.

ಮಗ ಸತ್ತ ಸುದ್ದಿ ಬಂದ ದಿನದಿಂದ ಅವರದು ಒಂದೇ ಮಾತು. "ಅವ್ನು ಅವತ್ತು ಕೇಳಿಲ್ಲ. ಕೇಳಿದ್ದಿದ್ರೆ ಉಳ್ಕೊಳ್ತಿದ್ದ."

ಕೇಳಿದ್ದ. ಇಂದ್ರಾಣಿಗೆ ಅದು ಗೊತ್ತಿತ್ತು. ತಿಥಿಯಾದ ಮೇಲೆ ಗಂಡನ ಬ್ಯಾಗು ತಂದುಕೊಟ್ಟ ರಾಜ್‌ಕುಮಾರ್, ಬಂಗಾರಪೇಟೆಯವನೇ, ಚಲಪತಿಯ ಜೊತೆ ಕೆಲಸ ಮಾಡುತ್ತಿದ್ದವನು, ಬಾವಿಕಟ್ಟೆಯ ಹತ್ತಿರ ನಿಂತು ಎಲ್ಲ ಹೇಳಿದ್ದ. ಹಡಗಿನ ಪೆಟ್ಟಿಗೆಯ ಪಿನ್ನುಗಳಿಗೆ ಉಪ್ಪು ಹಿಡಿದಿತ್ತು. ಒರೆಸಬೇಕಿತ್ತು. ಹಡಗಿನೊಳಗಿನ ಸ್ವಿಚ್ಚು ಅಂಟಿಕೊಂಡು ಬ್ಯಾಟರಿಯ ಕರೆಂಟು ಪಿನ್ನಿನವರೆಗೆ ಬಂದು ನಿಂತಿದ್ದು ಯಾರಿಗೂ ತಿಳಿದಿರಲಿಲ್ಲ.

"ಮೀಟರು ಸೊಂಟದಲ್ಲೇ ಇತ್ತು ಅಕ್ಕ. ತೆಗೀಲಿಲ್ಲ. ಗ್ಲೌಸ್ ಬಿಚ್ಚಿ ಕೈ ಇಟ್ಟ, ಕಿವಿ ಇಟ್ಟ. ಸತ್ತೈತೆ ಬಿಡ್ಲಾ ಅಂದ. ಬಟ್ಟೆ ತಗೊಂಡ. ಬ್ಯಾಟರಿ ಕರೆಂಟು ಸದ್ದು ಮಾಡಲ್ಲ ಅಕ್ಕ. ಮನೆ ಕರೆಂಟಿನಂಗಲ್ಲ ಅದು." ಆಮೇಲೆ ಚಪ್ಪಲಿ ನೋಡಿಕೊಂಡು ಹೇಳಿದ. "ತಾತಂಗೆ ಯೋಳ್ಬೇಡಿ."

ಅವಳು ಹೇಳಿರಲಿಲ್ಲ. ಐದು ತಿಂಗಳು ಬೆಳಿಗ್ಗೆಯ ರೈಲಿನಲ್ಲಿ ಬಂಗಾರಪೇಟೆಯ ಹೊಲಿಗೆ ಕಾರ್ಖಾನೆಗೆ ಹೋಗಿ, ಸಂಜೆ ಬಂದು, ಮುದ್ದೆ ತೊಳಸಿ, ಮಾವನ ತಟ್ಟೆಗೆ ಹಾಕುತ್ತಾ "ಅವ್ನು ಕೇಳಿಲ್ಲ" ಎಂಬ ಮಾತನ್ನು ಕೇಳಿಸಿಕೊಂಡಿದ್ದಳು. ಸತ್ತವನ ಮೇಲೆ ಒಂದು ಸುಳ್ಳು ತಪ್ಪು ಕೂತರೆ ಅವನಿಗೇನೂ ನೋಯುವುದಿಲ್ಲ, ಬದುಕಿರುವವರು ಅದರ ಆಸರೆಯಲ್ಲಿ ನಿದ್ದೆ ಮಾಡುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಕೆಲವು ದಿನ ಮಾವನ ಆ ಅಂಗೈಯನ್ನು ಕಂಡರೆ ಅವಳು ಮುಖ ತಿರುಗಿಸಿಕೊಳ್ಳುತ್ತಿದ್ದಳು. ಅದೇ ಕೈಗೆ ನೀರು ಹಾಕಿ ತೊಳೆಸುತ್ತಿದ್ದಳು.

ಭಾನುವಾರ ಬೆಳಿಗ್ಗೆ ಅಡುಗೆಮನೆಯಿಂದ ಅವಳಿಗೆ ಮಾತು ಕೇಳಿಸಿತು. ನಡುಮನೆಯಲ್ಲಿ ಮುದುಕ ಮೊಮ್ಮಗಳನ್ನು ಫ್ರಿಜ್ಜಿನ ಪಕ್ಕ ನಿಲ್ಲಿಸಿಕೊಂಡಿದ್ದರು.

"ಕಣ್ಣು ಮುಚ್ಕೋ ಪಾಪ. ಕೈಗೆ ಬತ್ತದಾ?"

"ಬತ್ತದೆ ತಾತ. ಐಟಿಐನಲ್ಲಿ ಮೊದಲು ಮೀಟರ್ ಇಡಿ ಅಂತಾರೆ."

"ನಿನ್ನ ಮೀಟರಿಗೆ ಸೆಲ್ಲು ಮುಗಿದ್ರೆ? ಈ ಕೈಗೆ ಯಾರೂ ಸೆಲ್ಲು ಆಕ್ಬೇಕಿಲ್ಲ, ಎಂಬತ್ತೆರಡು ವರ್ಷದಿಂದ ಓಡ್ತೈತೆ."

ಹುಡುಗಿ ನಕ್ಕಳು. ಅಪ್ಪನದೇ ನಗು.

ತರಕಾರಿ ತರುವ ನೆಪದಲ್ಲಿ ಇಂದ್ರಾಣಿ ಮಗಳನ್ನು ಹೊರಗೆ ಕರೆದುಕೊಂಡು ಹೋದಳು. "ತಾತ ಯೋಳಿದ್ದು ಅಲ್ಲಿ ಮಾಡ್ಬೇಡ. ಮೀಟರ್ ಇಡು."

"ಎರಡೂ ಮಾಡ್ತೀನಿ."

"ಕೈ ಇಡಬೇಡ ಅಂದೆ."

"ಯಾಕಮ್ಮಾ? ಅಪ್ಪ ಒಂದಿನ ಕೇಳ್ದೆ ಇದ್ದಿದ್ದಕ್ಕೆ ತಾನೆ ಇಂಗಾಗಿದ್ದು? ನಾನು ಒಂದಿನಾನೂ ಬಿಡಲ್ಲ."

ಇಂದ್ರಾಣಿ ಬದನೆಕಾಯಿ ಆರಿಸುತ್ತಾ ನಿಂತಳು. ಕೆಲಸಕ್ಕೇ ಹೋಗಬೇಡ ಅಂದರೆ ಕಾರಣ ಹೇಳಬೇಕು. ಕಾರಣ ಇವಳಿಗೊಬ್ಬಳಿಗೇ ಹೇಳಿದರೆ, ಹದಿನೆಂಟರ ಹುಡುಗಿ ಅದನ್ನು ಎದೆಯಲ್ಲಿಟ್ಟುಕೊಂಡು ತಾತನ ಮುಖ ನೋಡಬೇಕು, ತಾನು ನೋಡಿದ ಹಾಗೆ. ಹೇಳದಿದ್ದರೆ ಆ ಅಂಗೈ ಇನ್ನೊಂದು ಪೆಟ್ಟಿಗೆಯ ಮೇಲೆ ಕೂರುತ್ತದೆ. ಇಬ್ಬರನ್ನೂ ಉಳಿಸುವ ಒಂದು ಮಾತು ಎಲ್ಲೋ ಇರಬೇಕೆಂದು ಪತ್ರ ಬಂದಾಗಿನಿಂದ ಹುಡುಕಿದ್ದಳು. ಇರಲಿಲ್ಲ. ಒಂದು ಕಿಲೋ ಬದನೆಕಾಯಿ ಚೀಲಕ್ಕೆ ಬಿದ್ದಾಗ ಅದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು.

ಮನೆಗೆ ಬಂದು ಚೀಲ ಕೆಳಗಿಟ್ಟು, ಮಗಳನ್ನು ಕೂರಿಸಿ, ಮಾವನ ಎದುರು ನೆಲದ ಮೇಲೆ ಕೂತಳು.

"ಮಾವ, ಅವರು ಅವತ್ತು ಕೇಳಿದ್ರು."

"ಏನಮ್ಮಾ?"

"ಗ್ಲೌಸ್ ಬಿಚ್ಚಿ ಕೈ ಇಟ್ಟಿದ್ರು. ಕಿವಿ ಇಟ್ಟಿದ್ರು. ಸತ್ತೈತೆ ಅಂದ್ರಂತೆ. ರಾಜ್‌ಕುಮಾರ್ ಪಕ್ಕದಲ್ಲೇ ಇದ್ದ. ಬ್ಯಾಟರಿ ಕರೆಂಟು ಸದ್ದು ಮಾಡಲ್ವಂತೆ."

ಫ್ರಿಜ್ಜು ಒಮ್ಮೆ ನಡುಗಿ ಮತ್ತೆ ಓಡತೊಡಗಿತು. ಮುದುಕ ಬೈಯುತ್ತಾರೆ, ಸುಳ್ಳು ಅನ್ನುತ್ತಾರೆ, ನನ್ನ ಮಗನನ್ನು ನಾನು ಕೊಂದೆನೇನೇ ಎಂದು ಕೂಗುತ್ತಾರೆ ಎಂದು ಅವಳು ಕಾದಳು. ಅವರು ಬಾಗಿಲ ಕಡೆ ತಿರುಗಿದರು.

"ಗಣೀಲಿ ಕೆಳಗೆ ಬ್ಯಾಟರಿ ಇಂಜಿನ್ ಇದ್ವು," ಅಂದರು. "ಅದಿರಿನ ಗಾಡಿ ಎಳೆಯಕ್ಕೆ. ಶಿಫ್ಟ್ ಮುಗಿದ ಮೇಲೆ ಚಾರ್ಜಿಗೆ ಆಕ್ತಿದ್ವಿ. ನಾನೇ ಆಕಿದ್ದೀನಿ. ಅದು ಸದ್ದು ಮಾಡ್ತಿರಲಿಲ್ಲ."

"ತಾತ," ಅಂದಳು ಲಿಖಿತ.

"ನಂಗೊತ್ತಿತ್ತು ಪಾಪ. ಅದರಲ್ಲಿ ಸಣ್ಣ ಕರೆಂಟು, ಮುಟ್ಟಿದ್ರೂ ಏನೂ ಆಗ್ತಿರಲಿಲ್ಲ. ಅದಕ್ಕೇ ಅವ್ನಿಗೆ ಯೋಳಿಲ್ಲ. ಅಡಗಿಗೆ ಬ್ಯಾಟರಿ ಅಂತ ಅವ್ನು ಪೋನಲ್ಲಿ ಯೋಳ್ದಾಗಲೂ ನೆಪ್ಪಾಗಿಲ್ಲ. ನಾಲ್ಕು ವರ್ಷ ಯೋಳ್ದ. ನಾಲ್ಕು ವರ್ಷ ಕೇಳಿಸ್ಕೊಂಡೆ."

ಇಂದ್ರಾಣಿ ಕೈ ಚಾಚಿದಳು. ಅವರು ತಮ್ಮ ಕೈಗಳನ್ನು ಪಂಚೆಯೊಳಗೆ ಎಳೆದುಕೊಂಡರು. ಆ ದಿನ ಮುದ್ದೆ ಮುಟ್ಟಲಿಲ್ಲ.

ಸೋಮವಾರ ಲಿಖಿತ ಹೊರಡುವಾಗ ತಾತನ ಕಾಲಿಗೆ ಬಿದ್ದಳು. ಆ ಮನೆಯಲ್ಲಿ ಯಾರು ಊರು ಬಿಟ್ಟು ಹೊರಟರೂ ಅವರ ತಲೆಯ ಮೇಲೆ ಅಂಗೈ ಇಟ್ಟು "ಓಗ್ಬಾ" ಅನ್ನುವುದು ಅವರೇ. ಹುಡುಗಿ ತಲೆ ಬಗ್ಗಿಸಿಕೊಂಡು ಕಾದಳು. ರೈಲಿಗೆ ಹೊತ್ತಾಗುತ್ತಿತ್ತು. ಮುದುಕ ಕಂಕುಳಲ್ಲಿ ಕೈ ಸಿಕ್ಕಿಸಿಕೊಂಡು ಗೋಡೆಯನ್ನು ನೋಡುತ್ತಿದ್ದರು. ಕೊನೆಗೆ ಅವಳೇ ಎದ್ದು ಕಣ್ಣೊರೆಸಿಕೊಂಡು ಬ್ಯಾಗು ಎತ್ತಿದಳು. ಬಂಗಾರಪೇಟೆಯವರೆಗೂ ತಾಯಿ ಜೊತೆಗೆ ಹೋದಳು. ದೊಡ್ಡ ರೈಲು ಬಂದಾಗ ಲಿಖಿತ ಕಿಟಕಿಯೊಳಗಿಂದ, "ಮೀಟರ್ ಇಡ್ತೀನಿ," ಅಂದಳು. ಅಷ್ಟೇ. ಅವಳ ಮುಖದಲ್ಲಿ ಭಾನುವಾರ ಬೆಳಿಗ್ಗೆಯವರೆಗೆ ಇದ್ದ ಅಪ್ಪನ ನಗು ಇರಲಿಲ್ಲ.

ಮಧ್ಯಾಹ್ನ ಇಂದ್ರಾಣಿ ಬಾಗಿಲು ತೆಗೆದಾಗ ಮನೆ ವಿಚಿತ್ರವಾಗಿ ಸುಮ್ಮನಿತ್ತು. ಫ್ಯಾನು ನಿಂತಿತ್ತು. ಫ್ರಿಜ್ಜಿನ ಕೆಳಗೆ ನೀರು ಹರಿದು ಚಾಪೆ ನೆನೆದಿತ್ತು. ಮಾವ ಮೂಲೆಯಲ್ಲಿ ಕೂತಿದ್ದರು.

"ಕರೆಂಟ್ ಓಗೈತಾ ಮಾವ?"

"ಇಲ್ಲಮ್ಮ. ಮೇನ್ ತೆಗ್ದೆ. ಎಲ್ಲಾ ಗುಂಯ್ ಅಂತಿತ್ತು."

ಅವಳು ಬಟ್ಟೆ ತಂದು ನೆಲದ ನೀರು ಒರೆಸಿದಳು. ಮೇನ್ ಸ್ವಿಚ್ಚಿನ ಕೆಳಗೆ ಹೋಗಿ ನಿಂತಳು. ಕೈ ಮೇಲೆತ್ತಿದಳು. ಹಿಂದಿನಿಂದ ಅವರು ನೋಡುತ್ತಿದ್ದುದು ಅವಳಿಗೆ ತಿಳಿಯುತ್ತಿತ್ತು. ಸ್ವಿಚ್ಚು ಹಾಕದೆ ಕೈ ಕೆಳಗಿಳಿಸಿ, ಫ್ರಿಜ್ಜಿನಲ್ಲಿ ಒಡೆದಿದ್ದ ಹಾಲನ್ನು ಚೆಲ್ಲಲು ಹಿತ್ತಿಲಿಗೆ ಹೋದಳು.