ಎರೆಹುಳದ ಬಾಯಿ

ಕರಿಬೇವಿನ ಕುಂಡಕ್ಕೆ ನೀರು ಹಾಕುತ್ತಿದ್ದ ಲೀಲಾವತಿ ಚೊಂಬು ಕೆಳಗಿಟ್ಟು ಬಗ್ಗಿದಳು. ಕುಂಡದ ಅಂಚಿನಲ್ಲಿ ಎರೆಹುಳವೊಂದು ಹರಿಯುತ್ತಿತ್ತು. ಅದರ ಮೈಮೇಲಿನ ದಪ್ಪ ಪಟ್ಟಿ ಮುಂದಿನ ತುದಿಗೆ ಹತ್ತಿರವಿತ್ತು. ಅದು ಇರಬೇಕಾದ್ದೇ ಅಲ್ಲಿ, ತಲೆಯ ಕಡೆಗೆ. ಹಾಗಾದರೆ ನಿನ್ನೆ ತಾನು ಅಚ್ಚಿಗೆ ಒಪ್ಪಿ ಸಹಿ ಹಾಕಿದ ಪುಟದಲ್ಲಿ?

ಮಯೂರ್ ವಿಹಾರದ ಈ ಫ್ಲ್ಯಾಟಿನಲ್ಲಿ ಕೂತು ಶಾಲಾ ಪುಸ್ತಕಗಳಿಗೆ ಚಿತ್ರ ಬರೆಯುವುದು ಅವಳ ಕೆಲಸ. ಹನ್ನೊಂದು ವರ್ಷ ಹೆಸರಿಲ್ಲದೆ ಬರೆದಿದ್ದಾಳೆ. ಈ ಸಲದ ವಿಜ್ಞಾನ ಪುಸ್ತಕದಲ್ಲಿ ಮೊದಲ ಬಾರಿಗೆ ಅವಳ ಹೆಸರು ಅಚ್ಚಾಗಲಿತ್ತು. ಫೋನಿನಲ್ಲಿ ಪುಟ ತೆರೆದು ನೋಡಿದಳು. ಚಿತ್ರ, ಅಕ್ಷರ ಜೋಡಿಸಿ ಪುಟ ಕಟ್ಟುವವನು ಹುಳದ ಮುಖ ಒಳಗಡೆ ಇರಲಿ ಅಂತ ಚಿತ್ರವನ್ನು ಎಡಬಲ ತಿರುಗಿಸಿದ್ದ, ಭಾಗಗಳ ಹೆಸರು ತೋರಿಸುವ ಗೆರೆಗಳನ್ನು ಇದ್ದಲ್ಲೇ ಬಿಟ್ಟಿದ್ದ. ‘ಬಾಯಿ’ ಎಂಬ ಗೆರೆ ನೆಟ್ಟಗೆ ಹೋಗಿ ಹುಳದ ಹಿಂಬದಿಗೆ ಚುಚ್ಚಿತ್ತು. ತನ್ನದೇ ಚಿತ್ರವಲ್ಲವೇ ಅಂತ ಈಯಮ್ಮ ಕಣ್ಣಾಡಿಸಿ ಸಹಿ ಗೀಚಿದ್ದಳು. ಬೇರೆಯವರದಾಗಿದ್ದರೆ ಚುಕ್ಕೆ ಬಿಡದೆ ನೋಡುತ್ತಿದ್ದಳು.

ಪ್ರೆಸ್ಸಿಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಕಾಫಿ ಕುಡಿಯುತ್ತಿದ್ದ ಗಂಡ ನಾರಾಯಣಸ್ವಾಮಿ, ಕಣ್ಣು ಮೂಗು ಇಲ್ಲದ ಹುಳದ ಮುಖ ಯಾರು ನೋಡುತ್ತಾರೆ, ಸುಮ್ಮನಿರು, ಕೆಲಸ ಕಳೆದುಕೊಳ್ಳಬೇಡ ಅಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಸಹಿಯಾದ ಮೇಲೆ ತಮ್ಮ ತಪ್ಪಿಗೆ ಅಚ್ಚಿನ ಮೆಷಿನ್ ನಿಲ್ಲಿಸಿದವರಿಗೆ ಮುಂದಿನ ವರ್ಷ ಕೆಲಸವಿಲ್ಲ, ಅದು ಆ ಪ್ರಕಾಶಕರ ಕಟ್ಟುನಿಟ್ಟು. ಲೀಲಾವತಿ ಖಾಲಿ ಉಪ್ಪಿನಕಾಯಿ ಡಬ್ಬಿಗೆ ಮಣ್ಣು ತುಂಬಿ, ಹುಳವನ್ನು ಹಾಕಿಕೊಂಡು ಪ್ರೆಸ್ಸಿದ್ದ ಓಖ್ಲಾಕ್ಕೆ ಆಟೋ ಹತ್ತಿದಳು.

ಪ್ರೆಸ್ಸಿನ ಮೇಲ್ವಿಚಾರಕ ದಿಲೀಪ್ ಕಾಗದ ಏರಿಸಿ ಗುಂಡಿ ಒತ್ತುವುದರಲ್ಲಿದ್ದ. ತಪ್ಪು ತೋರಿಸಿದರೆ, ಎರಡು ತುದಿಯೂ ಒಂದೇ ಥರ ಇವೆಯಲ್ಲ ಮೇಡಂ, ಯಾವುದಾದರೇನು ಅಂದ. ಅವಳಿಗೆ ರೇಗಿತು. ಒದ್ದೆ ಕಾಗದದ ಮೇಲೆ ಹುಳವನ್ನು ಬಿಟ್ಟಳು. ಹಾಳಾದ್ದು, ಅಷ್ಟು ದೂರ ಆಟೋದಲ್ಲಿ ಬಂದದ್ದು ಮುದುರಿಕೊಂಡು ಬಿದ್ದುಕೊಂಡಿತು. ದಿಲೀಪ್ ನಕ್ಕು ಗಡಿಯಾರ ನೋಡಿದ. ಲೀಲಾವತಿ ಜಗ್ಗಲಿಲ್ಲ. ಮೆಷಿನ್ನಿನ ಗುಂಡಿಯ ಮುಂದೆಯೇ ನಿಂತಳು.

ಆಮೇಲೆ ಹುಳ ಮೆಲ್ಲಗೆ ಉದ್ದವಾಯಿತು. ಪಟ್ಟಿಯ ಹತ್ತಿರದ ತುದಿಯಲ್ಲಿ, ಬಾಯಿಯ ಮೇಲಿನ ಪುಟ್ಟ ತುಟಿ ಮುಂದಕ್ಕೆ ಚಾಚಿ ಕಾಗದವನ್ನು ಅತ್ತಿತ್ತ ತಡಕಾಡಿತು. ಮೈಯೆಲ್ಲ ಅದರ ಹಿಂದೆ ಹೊರಟಿತು. ದಿಲೀಪ್ ಬಗ್ಗಿ ನೋಡಿದ, ಪುಟ ನೋಡಿದ, ಮತ್ತೆ ಹುಳ ನೋಡಿದ. ಕಾಗದ ಇಳಿಸಿದ.

ನಿಲ್ಲಿಸಿದ್ದಕ್ಕೆ ಕಾರಣ ಬರೆಯುವ ಚೀಟಿ ಬಂತು. ದಿಲೀಪ್ ದನಿ ತಗ್ಗಿಸಿದ. “ಪುಟ ಕಟ್ಟಿದವನ ತಪ್ಪು ಅಂತ ಬರೆದುಬಿಡಿ ಮೇಡಂ. ನಿಮ್ಮ ಕೆಲಸ ಉಳಿಯುತ್ತೆ.”

ಆಸೆಯೇನೋ ಆಯಿತು. ಹನ್ನೊಂದು ವರ್ಷದ ಕೆಲಸ, ಆಗದೇ ಇರುತ್ತದೆಯೇ?

“ತಿರುಗಿಸಿದ್ದು ಅವನು. ನೋಡದೇ ಒಪ್ಪಿದ್ದು ನಾನು,” ಅಂದವಳೇ ಚೀಟಿ ಎಳೆದುಕೊಂಡು ತನ್ನ ಪೂರ್ತಿ ಹೆಸರು ಬರೆದಳು. ಗೆರೆ ಸರಿಪಡಿಸಿ ಅಚ್ಚಿನ ಹೊಸ ಪ್ಲೇಟು ಆಗುವ ತನಕ ಕೂತಿದ್ದು, ಒಂದೊಂದು ಗೆರೆಯ ಮೇಲೂ ಬೆರಳಿಟ್ಟು ನೋಡಿ, ಮತ್ತೆ ಸಹಿ ಹಾಕಿದಳು.

ಸಂಜೆ ಕುಂಡದ ಮುಂದೆ ಡಬ್ಬಿ ಬಗ್ಗಿಸುವಾಗ ಅಳು ಬಂತು. ಕೆಲಸ ಹೋಯಿತೇ ಅಂತ ನಾರಾಯಣಸ್ವಾಮಿ ಕೇಳಿದರು. ಹೂಂ ಅಂದಳು.

“ನಿನ್ನ ಹೆಸರು?”

“ಬರುತ್ತೆ. ಈ ಪುಸ್ತಕದಲ್ಲಿ. ಇದೇ ಕಡೇದು.”

ಹುಳ ತುಟಿ ಚಾಚಿ ಮಣ್ಣನ್ನು ತಡವಿತು. ನಾರಾಯಣಸ್ವಾಮಿ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಬಾಯಿ ಯಾವುದು, ತೋರಿಸು ಅಂದರು.