ಓಟು ಕೇಳಲು ಬಂದ ರಾಮ

ಜಟಕಾ ನಿಂತ ಸದ್ದು, ಆ ದಿನವೂ ಹೀಗೆಯೇ ಬಾಗಿಲ ಮುಂದೆ ಜಟಕಾ ನಿಂತಿತ್ತು, ನಾದಿನಿ ಆಂಜನಮ್ಮ ಇಳಿದವಳೇ ಭಾವ, ಅಕ್ಕ ಹೋಗ್ಬಿಟ್ಳು ಎಂದಳು, ಗಾಡಿಯೊಳಗೆ ಹುಲ್ಲಿನ ಮೇಲೆ ರಾಮಲಕ್ಷ್ಮಮ್ಮ ಮಲಗಿದ್ದಾಳೆ, ನಲವತ್ತು ವರ್ಷ ನನ್ನೊಡನೆ ಬಾಳಿದವಳು, ಬಲಗೈ ಬಿಚ್ಚಿದೆ, ಅಂಗೈಯೆಲ್ಲ ನೀಲಿ — ಇಂದು ಬಂದಿರುವುದು ಓಟಿನ ಜಟಕಾ, ದಂಡಿನ, ಅಂದರೆ ಕಂಟೋನ್ಮೆಂಟಿನ ಮುನಿಸಿಪಾಲಿಟಿಗೆ ನಮ್ಮ ಹಲಸೂರಿನಿಂದ ನಿಂತಿರುವ ಚಲುವಯ್ಯನವರ ಕಡೆಯದು, ತಿಥಿ ಮುಗಿದು ಎರಡು ದಿನವಾಗಿಲ್ಲ, ಅವರ ಕಡೆಯವನೊಬ್ಬ ಇಳಿದು, ಯಜಮಾನ್ರೇ, ಅಮ್ಮೋರು ರಾಮನ ಪಾದ ಮುಟ್ಟಿ ಹೋದ ಪುಣ್ಯವಂತೆ, ನಿಮ್ಮ ಓಟು ನಮಗಲ್ದೆ ಇನ್ಯಾರಿಗೆ, ಹತ್ತಿ ಹತ್ತಿ — ಹತ್ತಿದೆ, ಏಕೆ ಹತ್ತಿದೆನೋ, ಚಲುವಯ್ಯನವರು ಊರಿಗೆ ಏನು ಮಾಡಿದರೆಂದು ಯಾರಿಗೂ ತಿಳಿಯದು, ಬೀದಿಗೆ ನಲ್ಲಿ ಹಾಕಿಸಿದವನು ಮುನಿವೆಂಕಟಪ್ಪ, ನನ್ನ ಓಟು ಅವನಿಗೇ ಎಂದಿದ್ದೆ, ಆದರೆ ಚಲುವಯ್ಯನವರು ನಾಟಕದ ರಾಮನನ್ನೇ ಕರೆತಂದರು, ಕಿರೀಟ, ಬಿಲ್ಲು, ಮೈಗೆಲ್ಲ ನೀಲಿ ಬಳಿದುಕೊಂಡವನನ್ನು, ರಾಮನ ವೇಷ ಬಂದರೆ ಆರತಿ ಎತ್ತುವುದು ನಮ್ಮವರ ವಾಡಿಕೆ, ನಾಟಕದ ಟೆಂಟಿನಲ್ಲಿ ನಾನೂ ಎಷ್ಟು ಸಲ ಅವನ ಪಾದಕ್ಕೆ ಬಿದ್ದಿದ್ದೇನೆ, ಆ ದಿನ ರಾಮಲಕ್ಷ್ಮಮ್ಮ ಹೋಗ್ಲಾ ಬೇಡ್ವಾ, ಜನ ಜಾಸ್ತಿಯಂತೆ ಎಂದಳು, ನಾನೇ, ರಾಮನೇ ಬೀದಿಗೆ ಬಂದಿರೋವಾಗ ಮನೇಲಿ ಕೂರ್ತೀಯೇನೇ, ಹೋಗು — ಆರತಿ ತಟ್ಟೆಯನ್ನು ನಾನೇ ಕೈಗಿಟ್ಟೆ, ಪಾದ ಮುಟ್ಟಿದವಳು ಏಳುವ ಮೊದಲೇ ಹಿಂದಿನಿಂದ ಜನ ನುಗ್ಗಿ ಅವಳನ್ನು ತುಳಿದರು, ವೇಷದವನನ್ನು ಮೋಟಾರಿಗೆ ಹತ್ತಿಸಿದರು, ಒಳಗೆ ಕಿರೀಟ ತೆಗೆದಿಟ್ಟು ಬೀಡಿ ಹಚ್ಚಿದನಂತೆ, ಆಂಜನಮ್ಮ ಕಂಡಳು, ಪಾಪ, ಅವನದೂ ಹೊಟ್ಟೆಪಾಡು, ಸ್ನಾನ ಮಾಡಿಸುವಾಗ ಸೀಗೆಪುಡಿ ಹಾಕಿ ಉಜ್ಜಿದರೂ ಅವಳ ಅಂಗೈಯ ನೀಲಿ ಹೋಗಲಿಲ್ಲ, ಇರ್ಲಿ ಬಿಡಿ ಭಾವ, ರಾಮನ ಬಣ್ಣ ಅಲ್ವಾ ಎಂದಳು ಆಂಜನಮ್ಮ, ಇರಲಿ ಎಂದೆ, ಆ ನೀಲಿಯೊಡನೆಯೇ ಹೋದಳು.

ಈಗ ಕೈಯಲ್ಲಿ ಓಟಿನ ಚೀಟಿ, ಬೇಗ ಹಾಕಿ ಸ್ವಾಮಿ, ಹಿಂದೆ ಜನ ಇದಾರೆ ಎನ್ನುತ್ತಾನೆ ಗುಮಾಸ್ತ, ಹಿಂದೆ ಜನ, ಅವಳ ಹಿಂದೆಯೂ ಜನ — ಮುನಿವೆಂಕಟಪ್ಪನ ಹೆಸರಿಗೆ ಗುರುತು ಹಾಕಿದೆ, ಮಡಿಸಿ ಪೆಟ್ಟಿಗೆಗೆ ಬಿಟ್ಟೆ, ಎದೆ ಹಗುರಾಗಲಿಲ್ಲ, ಅವಳೇನು ಎದ್ದು ಬರುತ್ತಾಳೆಯೇ, ಬೆಳಗೂ ಬೈಗೂ ರಾಮ ರಾಮ ಎಂದ ನಾಲಗೆ ಇದು, ಅವಳ ಶಾಂತಿಗೆಂದು ಒಂದು ಸಲ ರಾಮಾ ಎನ್ನಲು ಹೋದರೆ ಆ ವೇಷದವನ ಮುಖ, ಬೀಡಿ, ಬೆವರಿಗೆ ಕರಗಿ ಇಳಿಯುವ ಬಣ್ಣ, ಅದಕ್ಕೂ ಮೊದಲು ನನ್ನ ದೇವರಿಗೆ ಯಾವ ಮುಖವಿತ್ತು, ನೆನಪಾಗುತ್ತಿಲ್ಲ, ಸೋಮೇಶ್ವರಾ, ಮುಖವಿಲ್ಲದ ಲಿಂಗವೇ, ಯಾರೂ ನಿನ್ನ ವೇಷ ಹಾಕಿ ಓಟು ಕೇಳದಿರಲಿ, ನೀನಾದರೂ ಅವಳ ಆತ್ಮಕ್ಕೆ ಶಾಂತಿ ಕೊಡು, ಅವಳ ಕೈ ತೊಳೆದು, ಆ ಕೈ — ಬಿಚ್ಚಿದ ಅಂಗೈ — ನೀಲಿ